ಕೌಂಟರಿಗೆ ಮರಳಿದ ಚೌಕಾಸಿ

ಮಡಿಕೇರಿಯ ಸಾಧಾರಣ ಹೋಟೆಲೊಂದರ ರೂಮಿಗೆ ಬುಕಿಂಗ್ ಆ್ಯಪ್ ದಿನಕ್ಕೆ 3,000 ರೂಪಾಯಿ ತೋರಿಸುತ್ತಿದೆ ಅಂದುಕೊಳ್ಳಿ. ಆ್ಯಪ್‌ನವರ ಕಮಿಷನ್ ಶೇ 20 ಆದರೆ ಹೋಟೆಲಿನವರ ಕೈಗೆ ಬರುವುದು 2,400. ನೀವೇ ಫೋನ್ ಮಾಡಿ 2,700ಕ್ಕೆ ಒಪ್ಪಿಸಿದಿರೋ, ನಿಮಗೆ 300 ಉಳಿಯಿತು, ಅವರಿಗೂ 300 ಹೆಚ್ಚಿಗೆ ಸಿಕ್ಕಿತು. ಹೀಗಿದ್ದೂ ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಗಟ್ಟಿಯಾಗಿ ಚೌಕಾಸಿ ಮಾಡುವ ನಮ್ಮಲ್ಲಿ ಅನೇಕರು ರಿಸೆಪ್ಷನ್ನಿನವರು ಹೇಳಿದ ದರಕ್ಕೆ ಸುಮ್ಮನೆ ತಲೆಯಾಡಿಸುತ್ತೇವೆ. ರೂಮಿನ ದರವನ್ನು ಇಳಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕಳೆದ ನೂರು ವರ್ಷಗಳಲ್ಲಿ ಆ ಅಧಿಕಾರ ಕೈಯಿಂದ ಕೈಗೆ ದಾಟುತ್ತ ಬಂದಿದೆ.

ಅಮೆರಿಕದ ಬಫಲೊ ನಗರದಲ್ಲಿ 1908ರಲ್ಲಿ ಎಲ್ಸ್‌ವರ್ತ್ ಸ್ಟಾಟ್ಲರ್ ಒಂದು ಹೋಟೆಲ್ ತೆರೆದ. ಸ್ನಾನದ ಕೋಣೆ ಸಹಿತ ಒಂದು ರೂಮಿಗೆ ಒಂದೂವರೆ ಡಾಲರ್ ಎಂದು ಜಾಹೀರಾತಿನಲ್ಲೇ ದರ ಸಾರಿದ. ಸಾಮಾನ್ಯ ಪ್ರಯಾಣಿಕನಿಗೆ ಅದು ದೊಡ್ಡ ಧೈರ್ಯ ಕೊಟ್ಟಿತು, ಬಾಗಿಲು ತಟ್ಟುವ ಮೊದಲೇ ಖರ್ಚು ಗೊತ್ತಾಗುತ್ತಿತ್ತು. ಮುಂದೆ ಅಮೆರಿಕದ ಹಲವು ರಾಜ್ಯಗಳು ಗರಿಷ್ಠ ದರವನ್ನು ರೂಮಿನೊಳಗೇ ಅಂಟಿಸಬೇಕೆಂದು ಕಾನೂನು ಮಾಡಿದವು. ಇದೇ ‘ರ್‍ಯಾಕ್ ರೇಟ್’. ಕೌಂಟರಿನ ಹಿಂದೆ ರೂಮುಗಳ ಚೀಟಿ ಸಿಕ್ಕಿಸುವ ರ್‍ಯಾಕ್ ಇರುತ್ತಿದ್ದ ಕಾಲದ ಹೆಸರು ಅದು. ಊರೂರು ಸುತ್ತುವ ಕಂಪನಿ ಪ್ರತಿನಿಧಿಗಳಿಗೆ ಅದಕ್ಕಿಂತ ಕಡಿಮೆ ದರ ಸಿಗುತ್ತಿತ್ತು. ವಾರಗಟ್ಟಲೆ ಉಳಿಯುವವರಿಗೂ ಅಷ್ಟೇ. ಯಾರಿಗೆ ಎಷ್ಟು ಬಿಡಬೇಕೆಂದು ಕೌಂಟರಿನಲ್ಲಿ ನಿಂತವನೇ ತೀರ್ಮಾನಿಸುತ್ತಿದ್ದ.

ಇದನ್ನು ಬದಲಿಸಿದ್ದು ದೂರವಾಣಿ. 1965ರಲ್ಲಿ ಹಾಲಿಡೇ ಇನ್ ಸರಣಿಯು ಐಬಿಎಂ ನೆರವಿನಿಂದ ತನ್ನ ಹೋಟೆಲುಗಳನ್ನೆಲ್ಲ ಹಾಲಿಡೆಕ್ಸ್ ಎಂಬ ಒಂದೇ ಕಾಯ್ದಿರಿಸುವ ವ್ಯವಸ್ಥೆಗೆ ಜೋಡಿಸಿತು. 1967ರಲ್ಲಿ ಎಟಿ ಅಂಡ್ ಟಿ ಕಂಪನಿ 800ರಿಂದ ಶುರುವಾಗುವ ಉಚಿತ ಸಂಖ್ಯೆಗಳನ್ನು ತಂದಿತು, ಕರೆಯ ಖರ್ಚು ಕರೆ ಪಡೆದವರದು. ಕೆಲವೇ ವರ್ಷಗಳಲ್ಲಿ ಶೆರಟನ್ ಇಡೀ ಸರಣಿಗೆ ಒಂದೇ ಉಚಿತ ಸಂಖ್ಯೆ ಕೊಟ್ಟಿತು. ನಿಮಿಷದ ಲೆಕ್ಕವಿಲ್ಲದೆ ಮಾತಾಡುವ ಅನುಕೂಲ ಗಿರಾಕಿಗೆ ಸಿಕ್ಕಿತು, ಆದರೆ ಕರೆ ಹೋಗುತ್ತಿದ್ದುದು ನೂರಾರು ಮೈಲಿ ದೂರದ ಕಾಲ್ ಸೆಂಟರಿಗೆ. ಅಲ್ಲಿ ಕುಳಿತ ಹುಡುಗಿಗೆ ಆ ಹೋಟೆಲಿನ ಯಾವ ರೂಮುಗಳು ಇವತ್ತು ಖಾಲಿ ಬಿದ್ದಿವೆ, ಯಾವುದರ ಕಿಟಕಿ ಗೋಡೆಗೆ ತೆರೆಯುತ್ತದೆ ಎಂಬುದು ತಿಳಿಯದು. ಪರದೆಯ ಮೇಲಿನ ದರ ಓದುವುದಷ್ಟೇ ಅವಳ ಕೆಲಸ. ಪ್ರಯಾಣದ ಅನುಭವಿಗಳು ಉಚಿತ ಸಂಖ್ಯೆ ಬಿಟ್ಟು ಹೋಟೆಲಿಗೇ ಕರೆ ಮಾಡಿ ಎಂದು ಹೇಳತೊಡಗಿದ್ದರ ಕಾರಣ ಇದೇ. ಆ ಸಲಹೆ ಇವತ್ತಿಗೂ ಹಳತಾಗಿಲ್ಲ.

ಮುಂದಿನ ತಿರುವು ಬಂದದ್ದು ವಿಮಾನಗಳಿಂದ. ಪೀಪಲ್ ಎಕ್ಸ್‌ಪ್ರೆಸ್‌ನ ಅಗ್ಗದ ಟಿಕೆಟ್ಟುಗಳನ್ನು ಎದುರಿಸಲು 1985ರಲ್ಲಿ ರಾಬರ್ಟ್ ಕ್ರ್ಯಾಂಡಲ್ ನೇತೃತ್ವದ ಅಮೆರಿಕನ್ ಏರ್‌ಲೈನ್ಸ್, ಒಂದೇ ವಿಮಾನದ ಸೀಟುಗಳನ್ನು ಬೇಡಿಕೆಯ ಲೆಕ್ಕ ಹಾಕಿ ಬೇರೆ ಬೇರೆ ದರಕ್ಕೆ ಮಾರಿತು. ಹಾರಿಹೋದ ವಿಮಾನದ ಖಾಲಿ ಸೀಟಿನಂತೆಯೇ ಕಳೆದ ರಾತ್ರಿಯ ಖಾಲಿ ರೂಮನ್ನೂ ಮತ್ತೆ ಮಾರಲಾಗದು. ಮ್ಯಾರಿಯಟ್‌ನಂಥ ಸರಣಿಗಳು ಈ ಲೆಕ್ಕವನ್ನು ಬೇಗ ಕಲಿತವು. ದರ ದಿನದಿನಕ್ಕೆ ಏರಿಳಿಯತೊಡಗಿತು. ಅಧಿಕಾರ ಈಗ ಕಂಪ್ಯೂಟರಿನದು.

ನಮ್ಮ ದೇಶದಲ್ಲಿ ಫೋನಿನ ಚೌಕಾಸಿ ತಡವಾಗಿ ಬಂತು. ನಿರ್ವಾಹಕರ ನೆರವಿಲ್ಲದೆ ನೇರವಾಗಿ ಬೇರೆ ಊರಿಗೆ ಕರೆ ಮಾಡುವ ಎಸ್‌ಟಿಡಿ ಮೊದಲು ಸಿಕ್ಕಿದ್ದು 1960ರಲ್ಲಿ, ಲಖನೌ–ಕಾನ್ಪುರ ನಡುವೆ. ಎಷ್ಟೋ ಊರುಗಳು ಅದಾದ ಮೇಲೂ ಬಹುಕಾಲ ಟ್ರಂಕ್ ಕಾಲ್ ನಂಬಿಕೊಂಡಿದ್ದವು. ಮೂರು ನಿಮಿಷದ ಕರೆಯಲ್ಲಿ ಬರುವ ತಾರೀಕು, ಜನರ ಲೆಕ್ಕ ಹೇಳುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು, ‘ಸ್ವಲ್ಪ ಕಡಿಮೆ ಮಾಡ್ಕೊಳ್ಳಿ’ ಅನ್ನಲು ಪುರುಸೊತ್ತೆಲ್ಲಿ? ಹೆಚ್ಚಿನವರು ಕಾಗದ ಬರೆಯುತ್ತಿದ್ದರು, ಇಲ್ಲವೇ ಬಸ್ಸಿಳಿದು ನಾಲ್ಕು ಲಾಡ್ಜ್‌ಗಳ ಮೆಟ್ಟಿಲು ಹತ್ತಿ ವಿಚಾರಿಸುತ್ತಿದ್ದರು. 1995ರಲ್ಲಿ ಮೊಬೈಲ್ ಬಂದರೂ ಒಳಬರುವ ಕರೆಗೂ ದುಡ್ಡಿತ್ತು. 2003ರಲ್ಲಿ ಅದು ತಪ್ಪಿದ ಮೇಲೆಯೇ ಲಾಡ್ಜ್ ಮಾಲೀಕರು ಬೋರ್ಡಿನ ಮೇಲೆ ತಮ್ಮ ಮೊಬೈಲ್ ನಂಬರ್ ಧಾರಾಳವಾಗಿ ಬರೆಸಿದ್ದು.

ಅಷ್ಟರಲ್ಲಿ ಬುಕಿಂಗ್ ತಾಣಗಳು ಬಂದಿದ್ದವು. ನೆದರ್ಲೆಂಡ್ಸ್‌ನಲ್ಲಿ ಬುಕಿಂಗ್ ಡಾಟ್ ಕಾಮ್ ಹುಟ್ಟಿದ್ದು 1996ರಲ್ಲಿ, ನಮ್ಮ ಮೇಕ್‌ಮೈಟ್ರಿಪ್ 2000ದಲ್ಲಿ, ಓಯೊ 2013ರಲ್ಲಿ. ಹೆಸರೇ ಕೇಳಿರದ ಊರಿನ ಸಣ್ಣ ಹೋಟೆಲಿಗೂ ದೂರದ ಗಿರಾಕಿಯನ್ನು ತಂದುಕೊಟ್ಟದ್ದು ಇವೇ ಎಂಬುದನ್ನು ಮರೆಯಬಾರದು. ಆದರೆ ಕಮಿಷನ್ ಶೇ 15ರಿಂದ 30ರವರೆಗೂ ಹೋಯಿತು. ಜತೆಗೆ ಒಂದು ಷರತ್ತೂ ಬಂತು: ನಮ್ಮಲ್ಲಿರುವುದಕ್ಕಿಂತ ಕಡಿಮೆ ದರವನ್ನು ನೀವು ಬೇರೆ ತಾಣದಲ್ಲಾಗಲಿ, ನಿಮ್ಮದೇ ವೆಬ್‌ಸೈಟಿನಲ್ಲಾಗಲಿ ಹಾಕುವಂತಿಲ್ಲ. ತನ್ನ ರೂಮಿಗೆ ತಾನೇ ದರ ಇಳಿಸಲಾಗದ ಸ್ಥಿತಿ ಹೋಟೆಲಿನವನದು.

ಈ ಷರತ್ತಿನ ವಿರುದ್ಧ ದೇಶದ ಹೋಟೆಲ್ ಮತ್ತು ರೆಸ್ಟೋರೆಂಟುಗಳ ಒಕ್ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಬೆಂಗಳೂರಿನ ಟ್ರೀಬೊ ಹೋಟೆಲ್ ಸರಣಿಯನ್ನು ನಡೆಸುವ ಕಂಪನಿಯೂ ದೂರುದಾರರಲ್ಲಿತ್ತು. ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊಗೆ 223.48 ಕೋಟಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಒಪ್ಪಂದಗಳಿಂದ ದರದ ಷರತ್ತನ್ನು ತೆಗೆಯುವಂತೆ ಮೇಕ್‌ಮೈಟ್ರಿಪ್–ಗೋಐಬಿಬೊಗೆ ಹೇಳಿತು. ಇಂಥ ಷರತ್ತನ್ನು ಫ್ರಾನ್ಸ್ 2015ರಲ್ಲೇ ಕಾನೂನಿನಿಂದ ನಿಷೇಧಿಸಿತ್ತು. ಸಣ್ಣ ಹೋಟೆಲುಗಳ ಪಾಲಿಗೆ ಇದು ನ್ಯಾಯ ಸಿಕ್ಕ ಗಳಿಗೆ ಎಂದೇ ನಾನು ತಿಳಿದಿದ್ದೇನೆ.

ಷರತ್ತು ಬಿಗಿಯಾಗಿದ್ದ ದಿನಗಳಲ್ಲೂ ಅದರ ಕಣ್ಣಿದ್ದದ್ದು ಪ್ರಕಟವಾದ ದರದ ಮೇಲೆ. ಬಾಯಿಮಾತಿನ ದರ ಯಾವ ಪರದೆಗೂ ಬರುವುದಿಲ್ಲ. ಹಾಗಾಗಿಯೇ ಫೋನಿನ ಚೌಕಾಸಿ ಸಾಯಲಿಲ್ಲ. ಈಗ ಅದು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

“ಆ್ಯಪ್‌ನಲ್ಲಿ ಮೂರು ಸಾವಿರ ತೋರಿಸ್ತಿದೆ ಸರ್. ಡೈರೆಕ್ಟಾಗಿ ನಿಮ್ಮ ಹತ್ರಾನೇ ಬುಕ್ ಮಾಡಿದ್ರೆ ಎಷ್ಟಕ್ಕೆ ಕೊಡ್ತೀರಿ?”

“ಯಾವತ್ತು ಬರ್ತೀರಾ ಮೇಡಂ? ಎಷ್ಟು ದಿನ?”

“ಮಂಗಳವಾರ, ಬುಧವಾರ. ಎರಡು ರಾತ್ರಿ.”

“ಒಂದ್ನಿಮಿಷ, ಮ್ಯಾನೇಜರ್ ಹತ್ರ ಕೇಳಿ ಹೇಳ್ತೀನಿ.”

ಕೇಳಬೇಕಾದ ಮಾತು ಅಷ್ಟೇ. ಅದಕ್ಕೆ ಬಲ ಕೊಡುವುದು ದಿನ. ಕೊಡಗು, ಚಿಕ್ಕಮಗಳೂರಿನ ರೂಮುಗಳು ಶನಿವಾರ ತುಂಬಿ ಮಂಗಳವಾರ ಖಾಲಿ. ಕಚೇರಿ ಕೆಲಸದವರನ್ನು ನಂಬಿರುವ ಬೆಂಗಳೂರಿನ ಹೋಟೆಲುಗಳದು ಇದಕ್ಕೆ ತಿರುವುಮುರುವು. ದಸರಾ ಹೊತ್ತಿಗೆ ಮೈಸೂರಿಗೆ ಫೋನ್ ಮಾಡಿ ದರ ಇಳಿಸಿ ಎಂದರೆ ಎರಡೂ ಕಡೆಯವರ ಸಮಯ ಹಾಳು. ಬೆಳಿಗ್ಗೆ ಚೆಕ್‌ಔಟ್ ಗಡಿಬಿಡಿಯಲ್ಲಿ ಕರೆ ಬೇಡ, ಮಧ್ಯಾಹ್ನ ಮ್ಯಾನೇಜರ್ ಬಿಡುವಾಗಿ ಸಿಗುತ್ತಾರೆ. ದರ ಜಗ್ಗದಿದ್ದರೆ ತಿಂಡಿಯನ್ನೋ ಮಗುವಿಗೊಂದು ಹೆಚ್ಚುವರಿ ಹಾಸಿಗೆಯನ್ನೋ ಕೇಳಬಹುದು, ಅವರಿಗೂ ಅದು ಸುಲಭ.

ತೆರಿಗೆಯ ಲೆಕ್ಕವನ್ನಂತೂ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲೆ ಶೇ 18. ಅಂದರೆ 8,000ದ ರೂಮಿಗೆ ತೆರಿಗೆ ಸೇರಿ 9,440. ಅದನ್ನೇ 7,500ಕ್ಕೆ ಇಳಿಸಿಕೊಂಡರೆ 7,875. ಹೋಟೆಲಿನವರು ಬಿಟ್ಟದ್ದು 500, ನಿಮಗೆ ಉಳಿದದ್ದು 1,565. ಹೇಳಿದ ದರ ತೆರಿಗೆ ಸೇರಿಯೋ ಬಿಟ್ಟೋ ಎಂದು ಕರೆಯಲ್ಲೇ ಕೇಳಿಬಿಡಿ.

ಇಷ್ಟಕ್ಕೂ ಮೊದಲು ನಂಬರ್ ಅಸಲಿಯೇ ಎಂದು ನೋಡಬೇಕು. ಹೋಟೆಲುಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟ್, ನಕಲಿ ನಂಬರ್ ಹಾಕಿ ಯಾತ್ರಿಕರಿಂದ ಮುಂಗಡ ದೋಚುವ ಜಾಲದ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಹೋಟೆಲಿನ ಅಧಿಕೃತ ವೆಬ್‌ಸೈಟ್ ಅಥವಾ ಹಳೆಯ ಬಿಲ್ಲಿನಲ್ಲಿರುವ ನಂಬರಿಗೇ ಕರೆ ಮಾಡಿ. ಒಪ್ಪಿದ ದರ, ತಾರೀಕು, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡ ನಂತರವೇ ಮುಂಗಡ ಕಳಿಸಿ. ಮೋಸ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ದೂರು ಕೊಡಬೇಕು, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.