ಕಾಳು ಎತ್ತುವ ಮಷೀನು ಕೊಳ್ಳುವ ಮುನ್ನ

ನಮ್ಮ ಐದೂ ತಾಲ್ಲೂಕುಗಳಲ್ಲಿ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅದರ ಭಾರ ಬೀಳುವುದು ಹೆಂಗಸರ ಸೊಂಟದ ಮೇಲೆ. ತೆನೆ ಮುರಿಯಲು ಆಳು ಸಿಗುತ್ತಾರೆ, ಕಾಳು ಬಿಡಿಸಲು ಬಾಡಿಗೆ ಮಷೀನು ಬರುತ್ತದೆ. ಮಷೀನು ಹೋದ ಮೇಲೆ ಉಳಿಯುವ ಕೆಲಸ ಮನೆಯವರದು. ಕಾಳು ಹರವಬೇಕು, ಇಬ್ಬನಿ ಬೀಳುವ ಮುಂಚೆ ಗುಡ್ಡೆ ಮಾಡಿ ತಾಡಪಾಲು ಹೊದಿಸಬೇಕು, ಒಣಗಿದ ಮೇಲೆ ಪುಟ್ಟಿಯಲ್ಲಿ ತುಂಬಿ ಚೀಲಕ್ಕೆ ಸುರಿಯಬೇಕು, ಚೀಲ ಹೊಲಿದು ಟ್ರೇಲರಿಗೆ ಏರಿಸಬೇಕು. ಇದೆಲ್ಲ ಬೆಳಗಿನ ಹಾಲು ಮತ್ತು ಸಂಜೆಯ ಹಾಲಿನ ನಡುವೆ ಆಗಬೇಕು.

ಒಂದು ಲೆಕ್ಕ ಹಾಕಿ ನೋಡಿ. ಮೂರು ಎಕರೆ, ಎಕರೆಗೆ 20 ಕ್ವಿಂಟಲ್ ಅಂತ ಹಿಡಿದರೆ 60 ಕ್ವಿಂಟಲ್ ಆಯಿತು. 50 ಕೆ.ಜಿ. ತೂಕದ ಚೀಲವಾದರೆ 120 ಚೀಲ. ಪುಟ್ಟಿಗೆ 10 ಕೆ.ಜಿ. ಹಿಡಿದರೆ 600 ಪುಟ್ಟಿ. ಆದರೆ ಕಾಳನ್ನು ಒಂದೇ ಸಲ ಎತ್ತುತ್ತೇವೆಯೇ? ಮಷೀನಿನ ಹತ್ತಿರದಿಂದ ಕಣಕ್ಕೆ ಒಂದು ಸಲ, ಕಣದಿಂದ ಚೀಲಕ್ಕೆ ಒಂದು ಸಲ, ಚೀಲ ಟ್ರೇಲರಿಗೆ ಇನ್ನೊಂದು ಸಲ. ಮೂರು ಸಲಕ್ಕೆ 180 ಕ್ವಿಂಟಲ್, ಅಂದರೆ 18 ಟನ್ ಭಾರ ಒಂದು ಮನೆಯ ಕೈಗಳ ಮೇಲೆ ಹಾದುಹೋಗುತ್ತದೆ. ನಡುವೆ ಮಳೆ ಬಂದು ಮತ್ತೆ ಗುಡ್ಡೆ ಮಾಡಿ ಮತ್ತೆ ಹರವಿದ್ದು ಈ ಲೆಕ್ಕದಲ್ಲಿಲ್ಲ.

ಡೇರಿಯಲ್ಲಿ 40 ಲೀಟರಿನ ತುಂಬಿದ ಕ್ಯಾನನ್ನು ಇಬ್ಬರು ಎರಡು ಹಿಡಿಗಳಲ್ಲಿ ಹಿಡಿದು ಎತ್ತುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಭಾರದ ಜೋಳದ ಚೀಲವನ್ನು ಒಬ್ಬಳೇ ಬೆನ್ನಿಗೇರಿಸುವುದು ಯಾಕೆ? ಬಲ್ಕ್ ಕೂಲರ್ ಬಂದ ಸಂಘಗಳಲ್ಲಿ ಈಗ ಹಾಲು ಕೂಲರಿನಿಂದ ಟ್ಯಾಂಕರಿಗೆ ಪೈಪಿನಲ್ಲಿ ಹೋಗುತ್ತದೆ, ಕ್ಯಾನ್ ಎತ್ತುವ ಮಾತೇ ಇಲ್ಲ. ಕಾಳಿಗೂ ಅಂಥ ದಾರಿ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದು, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಹೇಳಿತ್ತು. ವರ್ಷವರ್ಷವೂ ಅತಿ ಭಾರ ಹೊರುವುದು ಗರ್ಭಕೋಶ ಜಾರಲು ಒಂದು ಕಾರಣ. ಬಸುರಿಯರು, ಬಾಣಂತಿಯರು ಚೀಲದ ಹತ್ತಿರವೇ ಹೋಗಬಾರದು.

ಹಾಗಂತ ನಾಳೆಯೇ ಮಷೀನು ಕೊಳ್ಳಬೇಕಿಲ್ಲ. ಮೊದಲು ಎತ್ತುವ ಸಲಗಳನ್ನೇ ಕಡಿಮೆ ಮಾಡಲು ಆಗುತ್ತದೆಯೇ ನೋಡಿ. ಮೆಕ್ಕೆಜೋಳ ಬಿಡಿಸುವ ಮಷೀನುಗಳಲ್ಲಿ ಎರಡು ಥರ ಇವೆ. ಒಂದು ಕಾಳನ್ನು ನೆಲಕ್ಕೆ ಬಿಡುತ್ತದೆ. ಇನ್ನೊಂದಕ್ಕೆ ಎಲಿವೇಟರ್ ಇರುತ್ತದೆ, ಅದು ಕಾಳನ್ನು ಮೇಲೆತ್ತಿ ನೇರ ಟ್ರೇಲರಿಗೆ ಸುರಿಯುತ್ತದೆ. ಬಾಡಿಗೆಗೆ ಹೇಳುವಾಗಲೇ ಎಲಿವೇಟರ್ ಇರುವ ಮಷೀನು ಬೇಕು ಎಂದು ಕೇಳಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಒಪ್ಪಿಕೊಳ್ಳಿ. ಕಾಳು ಹಸಿ ಇದ್ದು ಒಣಗಿಸಲೇಬೇಕಾದರೆ ಹೈಡ್ರಾಲಿಕ್ ಟ್ರೇಲರ್ ತರಿಸಿ ಕಣದಲ್ಲಿ ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಸುರಿಸಿಕೊಂಡರೆ ಹರವುವ ಕೆಲಸವೂ ಅರ್ಧವಾಗುತ್ತದೆ. ಇಲ್ಲಿಗೇ ಮೂರರಲ್ಲಿ ಒಂದು ಎತ್ತುವಿಕೆ ಹೋಯಿತು.

ಎರಡನೆಯದು ಚೀಲ ತುಂಬುವುದು. ಒಬ್ಬರು ಚೀಲದ ಬಾಯಿ ಹಿಡಿದು ಬಗ್ಗಿ ನಿಲ್ಲುವುದು, ಇನ್ನೊಬ್ಬರು ಸುರಿಯುವುದು ನಮ್ಮ ರೂಢಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ಪಟ್ಟಿಯಿಂದ ಒಂದು ಸ್ಟ್ಯಾಂಡ್ ಮಾಡಿಸಿ. ಮೇಲೆ ತಗಡಿನ ಗಂಗಾಳದಂಥ ಬಾಯಿ, ಅದರ ಸುತ್ತ ಚೀಲ ಸಿಕ್ಕಿಸಲು ನಾಲ್ಕು ಕೊಕ್ಕೆ ಇದ್ದರೆ ಸಾಕು. ಚೀಲ ಹಿಡಿಯುವವರು ಬೇಕಾಗುವುದಿಲ್ಲ. ಪಕ್ಕದಲ್ಲಿ ಮಂಡಿಯಲ್ಲಿ ಬಳಸುವಂಥ ಎರಡು ಗಾಲಿಯ ಕೈಗಾಡಿ ಇರಲಿ. ತುಂಬಿದ ಚೀಲವನ್ನು ಎತ್ತದೆ ವಾಲಿಸಿ ತಳ್ಳಿಕೊಂಡು ಹೋಗಬಹುದು. ಮನೆಯ ಖರ್ಚಿಗೆ, ದನಗಳಿಗೆ ಇಡುವ ಕಾಳನ್ನಾದರೂ 25-30 ಕೆ.ಜಿ. ಚೀಲಗಳಲ್ಲಿ ತುಂಬಿ. ಅದನ್ನು ಯಾರೂ ಮಾರ್ಕೆಟ್ಟಿಗೆ ಒಯ್ಯುವುದಿಲ್ಲವಲ್ಲ, 50ರ ಚೀಲವೇ ಯಾಕೆ ಬೇಕು?

ಮೂರು ಎಕರೆಯ ಮನೆಗೆ ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಇದಕ್ಕಿಂತ ಮುಂದಿನದು ಹತ್ತಾರು ಮನೆ ಕೂಡಿ ಕೊಳ್ಳುವ ಮಷೀನಿನ ಮಾತು.

ಮಾರಾಟಕ್ಕೆ ಬರುವವುಗಳಲ್ಲಿ ಹೆಚ್ಚು ಕಾಣುವುದು ಸ್ಕ್ರೂ ಲೋಡರ್. ಕೊಳವೆಯೊಳಗೆ ಸುರುಳಿ ತಿರುಗುತ್ತದೆ, ಕಾಳು ಕೆಳಗಿಂದ ಮೇಲಕ್ಕೆ ಸಾಗುತ್ತದೆ. ಬೆಲ್ಟ್ ಲೋಡರ್ ಕಾಳನ್ನು ಒಡೆಯುವುದಿಲ್ಲ, ಚೀಲವನ್ನೂ ಏರಿಸುತ್ತದೆ, ಆದರೆ ಅದು ಗೋದಾಮಿಗೆ ಹೇಳಿಸಿದ್ದು, ಹಳ್ಳಿ ಓಣಿಯಲ್ಲಿ ತಿರುಗುವುದಿಲ್ಲ. ಬಕೆಟ್ ಎಲಿವೇಟರ್ ಒಂದೇ ಕಡೆ ನಿಲ್ಲಿಸುವಂಥದ್ದು, ಮಿಲ್ಲಿನಲ್ಲಿ ನೋಡಿರುತ್ತೀರಿ. ಗಾಳಿಯಿಂದ ಎಳೆಯುವ ಮಷೀನಿಗೆ ಅಷ್ಟೇ ಕಾಳಿಗೆ ಬಹಳ ಹೆಚ್ಚು ಕರೆಂಟು ಬೇಕು. ಆದ್ದರಿಂದ ಉಳಿಯುವುದು ಸ್ಕ್ರೂ ಲೋಡರ್. ಅದರಲ್ಲಿ ಒಂದು ಕುಂದಿದೆ, ಹಾಲು ಹಾಕುವವರು ಅದನ್ನು ತಿಳಿದೇ ಕೊಳ್ಳಬೇಕು.

ಸುರುಳಿ ಕಾಳನ್ನು ಒಡೆಯುತ್ತದೆ. ಕೊಳವೆ ಅರ್ಧ ಖಾಲಿ ಇದ್ದು ಸುರುಳಿ ಜೋರಾಗಿ ತಿರುಗಿದರೆ ಇನ್ನೂ ಹೆಚ್ಚು. ಇಡೀ ಕಾಳಿನ ಸಿಪ್ಪೆ ಅದಕ್ಕೆ ಕವಚ. ಕವಚ ಒಡೆದ ಕಾಳಿಗೆ ತೇವ ತಾಗಿದರೆ ಬೇಗ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಕಾಳಿನ ನುಚ್ಚು ತಿಂದ ಹಸುವಿನ ಹಾಲಿನಲ್ಲಿ ಒಂದೆರಡು ದಿನದೊಳಗೆ ಅದೇ ವಿಷದ ಇನ್ನೊಂದು ರೂಪ ಕಾಣಿಸುತ್ತದೆ. ಅದನ್ನು ಅಫ್ಲಾಟಾಕ್ಸಿನ್ ಎಂ1 ಎನ್ನುತ್ತಾರೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಒಂದು ಕೆ.ಜಿ. ಹಾಲಿನಲ್ಲಿ 0.5 ಮೈಕ್ರೋಗ್ರಾಂ ಮೀರಬಾರದು ಎಂದು ದೇಶದ ಆಹಾರ ಸುರಕ್ಷತಾ ಕಾನೂನು ಹೇಳುತ್ತದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ, ಅದರಲ್ಲೂ ಅರ್ಧ. ಇಷ್ಟು ಸಣ್ಣ ಅಳತೆ ಮೀರಲು ಒಂದು ಕೆಟ್ಟ ಚೀಲ ಸಾಕು. ಅಂಥ ಮೇವು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಸರಿಯಾಗುತ್ತದೆ, ಆದರೆ ಆ ಹೊತ್ತಿಗೆ ಹಾಲು ಮನೆಮನೆಗೆ ಹೋಗಿರುತ್ತದೆ, ನಿಮ್ಮ ಮಕ್ಕಳೂ ಕುಡಿದಿರುತ್ತಾರೆ.

ಹಾಗಾಗಿ ಮಾರುವವನು ಗಂಟೆಗೆ ಎಷ್ಟು ಟನ್ ಎಂದು ಹೇಳುತ್ತಿರುವಾಗ ನೀವು ಬೇರೆಯದನ್ನು ನೋಡಿ. ನಿಮ್ಮದೇ ಒಣಗಿದ ಜೋಳ ಒಂದು ಚೀಲ ಒಯ್ಯಿರಿ. ಹಾಕುವ ಮುಂಚೆ ಒಂದು ಹಿಡಿ ತೆಗೆದು 100 ಕಾಳು ಎಣಿಸಿ ಒಡೆದವು ಎಷ್ಟು ನೋಡಿ. ಮೇಲಿನಿಂದ ಬಿದ್ದದ್ದರಲ್ಲೂ ಮೂರು ಕಡೆಯಿಂದ ಹಿಡಿ ತೆಗೆದು ಹಾಗೇ ಎಣಿಸಿ. ಒಡೆದದ್ದು ಕಣ್ಣಿಗೆ ಕಾಣುವಷ್ಟು ಹೆಚ್ಚಾಗಿದ್ದರೆ ಆ ಮಷೀನು ಬೇಡ. ಸುರುಳಿಗೂ ಕೊಳವೆಗೂ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇದೆಯೇ, ಸುರುಳಿಯ ಅಂಚು ಚೂಪಾಗಿದೆಯೇ, ವೇಗ ತಗ್ಗಿಸಲು ಬರುತ್ತದೆಯೇ ಎಂದು ಕೇಳಿ. ಮನೆಗೆ ತಂದ ಮೇಲೂ ಕೊಳವೆ ತುಂಬಿಸಿಕೊಂಡು ನಿಧಾನವಾಗಿಯೇ ಓಡಿಸಬೇಕು. ಲೋಡರಿನಿಂದ ಹೋದ ಕಾಳು ಮಾರಾಟಕ್ಕೆ ಹೋಗಲಿ. ದನಗಳಿಗೆ ತಿಂಗಳುಗಟ್ಟಲೆ ಇಡುವುದನ್ನು ಮೊದಲೇ ಬೇರೆ ತೆಗೆದು, ಜರಡಿ ಹಿಡಿದು ನುಚ್ಚು ಬೇರೆ ಮಾಡಿ, ತೇವ ಶೇಕಡಾ 12ಕ್ಕೆ ಇಳಿದ ಮೇಲೆ ತುಂಬುವುದು ಒಳ್ಳೆಯದು. ನುಚ್ಚನ್ನು ಆ ವಾರದಲ್ಲೇ ಖಾಲಿ ಮಾಡಿ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಹೆಂಗಸರಿಗೆಂದೇ ತೂಗುಹಾಕುವ ಎರಡು ಜರಡಿಯ ಸಾಧನ ಮಾಡಿದ್ದಾರೆ. ಮರದ ಕೊಂಬೆಗೋ ತೊಲೆಗೋ ಕಟ್ಟಿ ತೂಗಿದರೆ ಕಸ ಮೇಲೆ, ನುಚ್ಚು ಕೆಳಗೆ, ಕಾಳು ನಡುವೆ ಉಳಿಯುತ್ತದೆ.

ಉದ್ದದ ಲೆಕ್ಕ ಸುಲಭ. ಟ್ರೇಲರಿನ ಪಕ್ಕದ ತಗಡಿನ ಮೇಲಂಚನ್ನು ನೆಲದಿಂದ ಅಳೆಯಿರಿ. ಬಾಯಿ ಅದಕ್ಕಿಂತ ಒಂದು ಅಡಿಯಾದರೂ ಮೇಲಿರಬೇಕು. ಬಾಯಿ 7 ಅಡಿ ಎತ್ತರಕ್ಕೆ ಬರಬೇಕಾದರೆ, 45 ಡಿಗ್ರಿ ವಾಲಿಸಿದಾಗ ಕೊಳವೆ 10 ಅಡಿ ಬೇಕು, 30 ಡಿಗ್ರಿಗೆ 14 ಅಡಿ. ನೆಟ್ಟಗೆ ಮಾಡಿದಷ್ಟೂ ಕಾಳು ಹಿಂದಕ್ಕೆ ಜಾರಿ ಕೆಲಸ ಕಡಿಮೆಯಾಗುತ್ತದೆ. ಮೋಟರು ಸಿಂಗಲ್ ಫೇಸ್ ಇರಲಿ. ತ್ರೀ ಫೇಸ್ ಆದರೆ ಪಂಪ್‌ಸೆಟ್ಟಿಗೆ ಕರೆಂಟು ಕೊಡುವ ಹೊತ್ತನ್ನೇ ಕಾಯಬೇಕು, ಅದು ರಾತ್ರಿಯೂ ಆಗಬಹುದು. 2 ಎಚ್.ಪಿ. ಮೋಟರು ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಉಣ್ಣುತ್ತದೆ, ಅದೇನೂ ದೊಡ್ಡದಲ್ಲ. ರಸ್ತೆಯ ಮೇಲೆ ಒಣಗಿಸಿದ ಕಾಳಿನಲ್ಲಿ ಕಲ್ಲು ಬರುತ್ತದೆ, ಸುರುಳಿಗೆ ಸಿಕ್ಕರೆ ಮೋಟರು ಸುಡುತ್ತದೆ. ಕಾಳು ಸುರಿಯುವ ಕಡೆ ಕಬ್ಬಿಣದ ಜಾಲರಿ ಬೇಕೇ ಬೇಕು.

ಆ ಜಾಲರಿ ಕಲ್ಲಿಗಷ್ಟೇ ಅಲ್ಲ. ಸೀರೆಯ ಸೆರಗು, ಬಳೆ, ಜಡೆ, ಮಗುವಿನ ಕೈ ಯಾವುದನ್ನೂ ಸುರುಳಿ ಬಿಡುವುದಿಲ್ಲ. ಜಾಲರಿ ಇಲ್ಲದ, ಬೆಲ್ಟಿಗೆ ಮುಚ್ಚಳ ಇಲ್ಲದ ಮಷೀನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕಾಳು ಸಿಕ್ಕಿಕೊಂಡರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕೈ ಹಾಕಿ. ಜಾಗ ಬದಲಿಸುವಾಗ ಕೊಳವೆಯನ್ನು ಇಳಿಸಿಕೊಂಡೇ ಹೋಗಿ. ಎತ್ತಿ ನಿಲ್ಲಿಸಿದ ಕೊಳವೆ ಓಣಿಯ ಕರೆಂಟಿನ ತಂತಿಗೆ ತಾಗಿದರೆ ಹಿಡಿದವರಿಗೆಲ್ಲ ಹೊಡೆಯುತ್ತದೆ.

ಇನ್ನು ದುಡ್ಡು. ಲೆಕ್ಕಕ್ಕೆ ಮಾತ್ರ, ಮಷೀನಿಗೆ 40,000 ರೂಪಾಯಿ, ಚೀಲಕ್ಕೆ ಹಮಾಲಿ 10 ರೂಪಾಯಿ ಅಂದುಕೊಳ್ಳಿ. 120 ಚೀಲದ ಮನೆಗೆ ವರ್ಷಕ್ಕೆ ಉಳಿಯುವುದು 1,200. ಒಬ್ಬರೇ ಕೊಂಡರೆ ದುಡ್ಡು ಹುಟ್ಟಲು 33 ವರ್ಷ ಬೇಕು, ಅಷ್ಟರಲ್ಲಿ ಮಷೀನು ಗುಜರಿಗೆ ಹೋಗಿರುತ್ತದೆ. 20 ಮನೆ ಕೂಡಿದರೆ ವರ್ಷಕ್ಕೆ 24,000, ಎರಡು ವರ್ಷದೊಳಗೆ ತೀರಿತು. ನಿಮ್ಮೂರಿನ ನಿಜವಾದ ಹಮಾಲಿ ದರ ಹಾಕಿ ನೀವೇ ಮಾಡಿ ನೋಡಿ. ಕೂಡಿ ಕೊಳ್ಳುವುದಾದರೆ ಯಾರ ಮನೆಯಲ್ಲಿ ಇಡುವುದು, ಮಳೆ ಮೋಡ ಕಂಡ ದಿನ ಸರದಿ ಯಾರದು, ರಿಪೇರಿಗೆ ಚೀಲಕ್ಕೆ ಎಷ್ಟು ಎತ್ತಿಡುವುದು ಎಂಬುದನ್ನು ಕೊಳ್ಳುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಮೋಡ ಬಂದ ದಿನ ಎಲ್ಲರಿಗೂ ಅದೇ ಮಷೀನು ಬೇಕಾಗುತ್ತದೆ.

ಸಹಾಯಧನದ ಪಟ್ಟಿಯಲ್ಲಿ ಈ ವರ್ಷ ಲೋಡರ್ ಇದೆಯೇ ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿ, ಸಿಕ್ಕರೆ ಒಂದು ಸುಗ್ಗಿ ಬಾಡಿಗೆಯಲ್ಲೇ ನಡೆಸಿ ನೋಡಬಹುದು. ಅರ್ಜಿಗೆ ಫ್ರೂಟ್ಸ್ ಐಡಿ ಬೇಕು, ಅದು ಪಹಣಿಗೆ ಹೊಂದಿಕೊಂಡಿರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಲಿನ ಪಾಸ್‌ಬುಕ್ ಹೆಂಡತಿಯ ಹೆಸರಲ್ಲಿ, ಪಹಣಿ ಗಂಡನ ಅಥವಾ ಮಾವನ ಹೆಸರಲ್ಲಿ ಇರುತ್ತದೆ. ಹಾಗಿದ್ದರೆ ಯಾರ ಹೆಸರಲ್ಲಿ ಅರ್ಜಿ ಹಾಕಬೇಕು ಎಂಬುದು ಮನೆಯಲ್ಲಿ ಮೊದಲೇ ಮಾತಾಗಲಿ. ಅರ್ಜಿ ಮಂಜೂರಾಗುವ ತನಕ ಅಂಗಡಿಯವನಿಗೆ ಮುಂಗಡ ಕೊಡಬೇಡಿ.