ತವರಿನಲ್ಲಿ 14 ದಿನ

ಮಗಳು ತವರಿಗೆ ಬರುತ್ತಾಳೆಂದರೆ ನನ್ನಾಕೆ ವಾರ ಮೊದಲೇ ಚಕ್ಕುಲಿ ಹಿಟ್ಟಿಗೆಂದು ನನ್ನನ್ನು ಗಿರಣಿಗೆ ಕಳಿಸುತ್ತಾಳೆ. ಈ ಸಲ ಹಾಗಾಗಲಿಲ್ಲ. ಮಗಳು ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದ್ದು ಇಷ್ಟೇ: “ಅಮ್ಮ, ಹದಿನಾಲ್ಕು ದಿನ ಇರ್ತೀನಿ. ಆದರೆ ನನಗೆ ಊಟ ಹಾಕಬೇಡ.”

ಅವಳಿಗೆ 39 ವರ್ಷ. ತೂಕ 108 ಕಿಲೋ, ಎತ್ತರ 158 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ನಮ್ಮ ದೇಶದವರಿಗೆ ಅದು 23 ದಾಟಿದರೇ ತೂಕ ಹೆಚ್ಚೆಂದು ಲೆಕ್ಕ; ಅವಳದು 43. ಎರಡನೇ ಹೆರಿಗೆಯ ನಂತರ ಏರಿದ ತೂಕ ಇಳಿಯಲೇ ಇಲ್ಲ. ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ. ವಾಕಿಂಗ್, ಜಿಮ್ಮು, ನವಣೆ ಅನ್ನ ಎಲ್ಲ ಆಗಿತ್ತು. ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ನೆಂಟರೆಲ್ಲ ಹೇಳುತ್ತಿದ್ದ ಔಷಧ ಒಂದೇ: “ಸ್ವಲ್ಪ ಬಾಯಿ ಕಟ್ಟಬಾರದೇನಮ್ಮ?” ನಾನೂ ಹೇಳಿದ್ದೇನೆ, ಮುಚ್ಚಿಡುವುದೇಕೆ.

ಕೊನೆಗೆ ಡಾಕ್ಟರು ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಸಣ್ಣ ಚೀಲ ಮಾಡುವುದು. ಆದರೆ ಅದಕ್ಕೆ ಮುಂಚೆ ಎರಡು ವಾರ ಕಟ್ಟುನಿಟ್ಟಿನ ಪಥ್ಯ. “ಊಟ ಕಡಿಮೆ ಮಾಡಿಸಲೆಂದೇ ಆಪರೇಷನ್ ಅಂದಮೇಲೆ, ಅದಕ್ಕೆ ಮುಂಚೆ ಇನ್ನೊಂದು ಉಪವಾಸ ಯಾಕೆ ಸಾರ್?” ಎಂದು ನಾನು ಕೇಳಿಯೇಬಿಟ್ಟೆ. ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಲಿವರಿನ ಎಡಭಾಗ ಜಠರದ ಮೇಲೆ ಚಾಚಿಕೊಂಡಿರುತ್ತದೆ. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್ ಇದು. ಲಿವರನ್ನು ಮೆಲ್ಲಗೆ ಎತ್ತಿ ಹಿಡಿದರೆ ಮಾತ್ರ ಕೆಳಗಿನ ಜಠರ ಕಾಣುವುದು. ಕೊಬ್ಬು ತುಂಬಿದ ಲಿವರ್ ದಪ್ಪ, ಭಾರ. ಎತ್ತುವಾಗ ಹರಿದು ರಕ್ತ ಸೋರಬಹುದು. ಜಾಗವೇ ಸಿಗದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲಿಸಬೇಕಾದೀತು. ಅಷ್ಟು ಕೇಳಿ ನಾವು ಯಾರೂ ಮಾತಾಡಲಿಲ್ಲ.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಮನೆಗೆ ಬಂದು ನನ್ನಾಕೆಗೆ ಇದನ್ನು ನನ್ನ ಭಾಷೆಯಲ್ಲೇ ಬಿಡಿಸಿ ಹೇಳಿದೆ. ಲಿವರಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದು ಉಳಿತಾಯ ಖಾತೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಂಡಿರುತ್ತದೆ. ಅನ್ನ, ಚಪಾತಿ, ಸಿಹಿ ನಿಂತರೆ ದೇಹ ಮೊದಲು ಈ ಖಾತೆಯಿಂದ ತೆಗೆಯುತ್ತದೆ, ನೀರೂ ಹೊರಟುಹೋಗುತ್ತದೆ. ಆಮೇಲೆ ಕೊಬ್ಬೆಂಬ ಫಿಕ್ಸೆಡ್ ಡಿಪಾಸಿಟ್ ಮುರಿಯಬೇಕು. ಎರಡು ವಾರದಲ್ಲಿ ಲಿವರ್ ನೂರಕ್ಕೆ 10ರಿಂದ 20ರಷ್ಟು ಕುಗ್ಗಬಹುದು. ನಡುವೆ ಹೊಟ್ಟೆತುಂಬ ಅನ್ನ ಉಂಡರೆ ಉಳಿತಾಯ ಖಾತೆ ಮತ್ತೆ ತುಂಬುತ್ತದೆ, ನೀರೂ ವಾಪಸ್. ‘ಒಂದು ದಿನ ತಾನೇ’ ಎನ್ನುವ ಹಾಗಿಲ್ಲ.

ನಮ್ಮ ಮನೆಗೆ ಯಾಕೆ ಬಂದಳೆಂದರೆ, ಅವಳ ಮನೆಯಲ್ಲಿ ಎರಡು ಮಕ್ಕಳು. ಅವರು ತಟ್ಟೆಯಲ್ಲಿ ಬಿಟ್ಟದ್ದೆಲ್ಲ ತಾಯಿಯ ಹೊಟ್ಟೆಗೆ. ಎಸೆಯಲು ಮನಸ್ಸಾಗುವುದಿಲ್ಲವಲ್ಲ.

ಡಯಟೀಷಿಯನ್ ಕೊಟ್ಟ ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ. ದಿನಕ್ಕೆ ಸುಮಾರು 800 ಕ್ಯಾಲರಿ, 70 ಗ್ರಾಂಗೆ ಕಡಿಮೆಯಾಗದಂತೆ ಪ್ರೋಟೀನ್. ಬೆಳಿಗ್ಗೆ, ರಾತ್ರಿ ಕೆನೆ ತೆಗೆದ ಹಾಲಿಗೆ ಪ್ರೋಟೀನ್ ಪುಡಿ. ಮಧ್ಯಾಹ್ನ ಒಂದು ಬಟ್ಟಲು ಹೆಸರುಬೇಳೆ ಕಟ್ಟು, ಕೊಬ್ಬಿಲ್ಲದ ಪನೀರ್, ಕಾಯಿ ಹಾಕದ ಹೀರೆಕಾಯಿಯನ್ನೋ ಎಲೆಕೋಸನ್ನೋ ಪಲ್ಯ ಮಾಡಿ ಒಂದು ಹಿಡಿ. ನಡುನಡುವೆ ನೀರು ಮಜ್ಜಿಗೆ, ತಿಳಿಸಾರು. ನೀರು ಎರಡೂವರೆ ಲೀಟರ್. ನನ್ನಾಕೆ ಮೂರು ಸಲ ಓದಿ, “ರಾಗಿ ಅಂಬಲಿ ಒಳ್ಳೇದಲ್ವಾ?” ಎಂದಳು. ಅದೂ ಇಲ್ಲ. “ಏಕಾದಶಿ ಥರಾ ಸಬ್ಬಕ್ಕಿ ಉಪ್ಪಿಟ್ಟು?” ಆಗ ನನಗೆ ಹೊಳೆಯಿತು, ನಮ್ಮ ಏಕಾದಶಿಯಲ್ಲಿ ಅನ್ನದ ಬದಲು ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣು ಬರುತ್ತದೆಯೇ ಹೊರತು ಪಿಷ್ಟ ಎಲ್ಲಿಗೂ ಹೋಗುವುದಿಲ್ಲ. ದೇವರು ಒಪ್ಪಿಯಾನು, ಲಿವರ್ ಒಪ್ಪುವುದಿಲ್ಲ.

ಮೊದಲ ಎರಡು ದಿನ ಸಲೀಸು. ಮೂರನೇ ದಿನ ತಲೆನೋವು, ಸಿಡಿಮಿಡಿ, ಬಾಯಿ ವಾಸನೆ. ಟಿವಿಯಲ್ಲಿ ಒಗ್ಗರಣೆ ಹಾಕುವುದು ಕಂಡರೂ ಎದ್ದುಹೋಗುತ್ತಿದ್ದಳು. ನಾಲ್ಕನೇ ಸಂಜೆ ಮೈಯೆಲ್ಲ ಬೆವತು, ಕೈ ನಡುಗತೊಡಗಿತು. ಮೀಟರಿನಲ್ಲಿ ಸಕ್ಕರೆ 62. ಪಟ್ಟಿಯಲ್ಲಿ ಸಕ್ಕರೆ ನಿಷಿದ್ಧ, ಕೊಡುವುದೋ ಬಿಡುವುದೋ ಎಂದು ನಾನು ಮೂರ್ಖನಂತೆ ಫ್ರಿಜ್ಜಿನ ಮುಂದೆ ನಿಂತಿದ್ದೆ. ಓದು ಕಡಿಮೆಯಾದರೂ ನನ್ನಾಕೆ ಅಷ್ಟರಲ್ಲಿ ಮೂರು ಚಮಚ ಸಕ್ಕರೆ ಕದಡಿ ಕುಡಿಸಿಯಾಗಿತ್ತು. ಹದಿನೈದು ನಿಮಿಷಕ್ಕೆ 94. ಫೋನಿನಲ್ಲಿ ಡಾಕ್ಟರು, 70ಕ್ಕಿಂತ ಇಳಿದರೆ ಸಕ್ಕರೆಯೇ ಔಷಧ, ಅದು ಪಥ್ಯ ಮುರಿದಂತಲ್ಲ ಎಂದರು. ಮೊದಲೇ ಅರ್ಧ ಮಾಡಿದ್ದ ಒಂದು ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಇಂಥ ಪಥ್ಯ ಹಿಡಿಯಬಾರದೆಂದು ಆ ದಿನ ಕಲಿತೆವು.

ಐದನೇ ದಿನದ ಹೊತ್ತಿಗೆ ಮೂರು ಕಿಲೋ ಇಳಿದಿತ್ತು, ಬಹುಪಾಲು ನೀರೇ. ತಲೆನೋವೂ ಹೋಯಿತು. ಪ್ರತಿ ಸಂಜೆ ಒಂಬತ್ತು ವರ್ಷದ ಮೊಮ್ಮಗಳ ಫೋನ್: “ಅಮ್ಮಾ, ಇವತ್ತು ಏನು ತಿನ್ನಲಿಲ್ಲ?” ಇವಳು ಪಟ್ಟಿ ಹೇಳುವಳು, “ಇವತ್ತು ಪಕ್ಕದ ಮನೆಯವರು ಕೊಟ್ಟ ಹೋಳಿಗೆ ತಿನ್ನಲಿಲ್ಲ.” ಅಲ್ಲಿಂದ ಚಪ್ಪಾಳೆ.

ಕಷ್ಟವಾದದ್ದು ನಮಗೆ. ಅವಳೆದುರು ಉಣ್ಣುವುದು ಹೇಗೆ? ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ನಾನು ಹೋಟೆಲಿನಲ್ಲಿ ಇಡ್ಲಿ ತಿಂದು, ಇವಳಿಗೊಂದು ಪೊಟ್ಟಣ ತರುತ್ತಿದ್ದೆ. ಇವಳು ಹಿತ್ತಲಲ್ಲಿ ನಿಂತು ತಿನ್ನುತ್ತಿದ್ದಳು. ರಾತ್ರಿ ಮಗಳ ಕೋಣೆಯ ದೀಪ ಆರಿದ ಮೇಲೆ, ಅಡುಗೆಮನೆಯಲ್ಲಿ ದೀಪ ಹಾಕದೆ ನಮ್ಮ ಊಟ. ಒಂಬತ್ತನೇ ರಾತ್ರಿ ಅವಳು ನೀರಿಗೆಂದು ಬಂದು ದೀಪ ಹಾಕಿದಳು. ನನ್ನ ಕೈಯಲ್ಲಿ ಹುಳಿಯನ್ನದ ತುತ್ತು.

ಮೊದಲು ನಕ್ಕಳು. ಆಮೇಲೆ ಅಳತೊಡಗಿದಳು. “ಅಪ್ಪ, ಕದ್ದು ತಿನ್ನೋದು ನನ್ನ ಅಭ್ಯಾಸ. ನೀವೂ ಯಾಕೆ ಶುರು ಮಾಡಿದ್ರಿ?”

ಹೈಸ್ಕೂಲಿನಲ್ಲಿದ್ದಾಗ ಊಟಕ್ಕೆ ಕೂತರೆ ನಾನು “ಸಾಕು, ಏಳು” ಎನ್ನುತ್ತಿದ್ದೆನಂತೆ. ನನಗೆ ನೆನಪಿಲ್ಲ; ಅವಳಿಗಿದೆ. ಎಲ್ಲರೂ ಮಲಗಿದ ಮೇಲೆ ಇದೇ ಅಡುಗೆಮನೆಯಲ್ಲಿ, ಇದೇ ಕತ್ತಲಲ್ಲಿ ನಿಂತುಕೊಂಡೇ ತಿನ್ನುತ್ತಿದ್ದಳಂತೆ. ಮದುವೆಯಾದ ಮೇಲೂ ಅದು ಬಿಡಲಿಲ್ಲ. ಆಸ್ಪತ್ರೆಯ ಆಪ್ತಸಮಾಲೋಚಕಿಗೆ ಹೇಳಿದ್ದಳು. ನಮಗೆ ಹೇಳಿದ್ದು ಅಂದೇ ಮೊದಲು. “ನನ್ನೆದುರೇ ಊಟ ಮಾಡಿ. ನನ್ನ ಲೋಟ ನನಗೆ, ನಿಮ್ಮ ತಟ್ಟೆ ನಿಮಗೆ.” ನಾನು ಏನೂ ಹೇಳಲಾರದೆ ತುತ್ತನ್ನು ತಟ್ಟೆಗೆ ಬಿಟ್ಟೆ. ಅವಳೇ ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತಳು, “ಮುಗಿಸಿ” ಎಂದಳು.

ಮರುದಿನದಿಂದ ಮೂವರೂ ಒಟ್ಟಿಗೆ. ಅವಳು ಸಾರನ್ನು ಚಮಚದಲ್ಲಿ ಇಪ್ಪತ್ತು ನಿಮಿಷ ಕುಡಿಯುವಳು, ನಾವೂ ನಿಧಾನಿಸಲೇಬೇಕಾಯಿತು. ಹದಿನಾಲ್ಕನೇ ಬೆಳಿಗ್ಗೆ ತೂಕ 102 ಕಿಲೋ 400 ಗ್ರಾಂ.

ಅಂದೇ ಮೂವರೂ ಬೆಂಗಳೂರಿಗೆ ರೈಲು ಹತ್ತಿದೆವು. ಆ ದಿನ ಅವಳಿಗೆ ತಿಳಿ ದ್ರವ ಮಾತ್ರ. ಫ್ಲಾಸ್ಕಿನಲ್ಲಿ ಶೋಧಿಸಿದ ತಿಳಿಸಾರು. ಮಂಡ್ಯ ದಾಟಿದ ಮೇಲೆ ಮದ್ದೂರು ವಡೆಯವನು ಬಂದ. ಈರುಳ್ಳಿಯ ಘಮ ಬೋಗಿಯೆಲ್ಲ. ನನ್ನಾಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು, ನಾನು ಪೇಪರ್ ಬಿಡಿಸಿದೆ. ಮಗಳೇ ಅವನನ್ನು ನಿಲ್ಲಿಸಿ ಎರಡು ವಡೆ ಕೊಂಡು ನಮ್ಮಿಬ್ಬರ ಕೈಗಿಟ್ಟಳು. ತಾನು ಫ್ಲಾಸ್ಕಿನ ಮುಚ್ಚಳಕ್ಕೆ ಸಾರು ಬಗ್ಗಿಸಿಕೊಂಡಳು. ಬಿಸಿಬಿಸಿ ವಡೆ, ಅವಳೆದುರೇ ತಿಂದೆವು.

ಮರುದಿನ ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರು, “ಲಿವರ್ ತೊಂದರೆ ಕೊಡಲಿಲ್ಲ, ಜಾಗ ಚೆನ್ನಾಗಿ ಸಿಕ್ಕಿತು” ಎಂದರು. ನನ್ನಾಕೆ ಕೈಮುಗಿದು ಕೇಳಿದ್ದು, “ಊಟ ಯಾವಾಗ ಹಾಕಬಹುದು ಡಾಕ್ಟ್ರೇ?”

“ಮೊದಲು ಗುಟುಕು ಗುಟುಕು ನೀರು. ಆಮೇಲೆ ಎರಡು ವಾರ ಮತ್ತೆ ದ್ರವಾಹಾರವೇ ತಾಯಿ.”

ಅವಳು ಚೀಲದಿಂದ ಫ್ಲಾಸ್ಕ್ ತೆಗೆದು, ತೊಳೆದುಕೊಂಡು ಬನ್ನಿ ಎಂದು ನನ್ನ ಕೈಗೆ ಕೊಟ್ಟಳು.