ಸಾಲಿಯಲ್ಲಿ ಮೊಬೈಲ್: ತಪ್ಪು ಕಲ್ಪನೆ ಮತ್ತು ಸತ್ಯ

ವಿಜಯಪುರದಲ್ಲಿ ಪಾಲಕರು ಕೂಡಿದಲ್ಲಿ ಮೊಬೈಲ್ ಮಾತು ಬಂತೆಂದರೆ ಎರಡು ಪಕ್ಷಗಳಾಗುತ್ತವೆ. ‘ಸಾಲಿ ಗೇಟಿನೊಳಗ ಬಿಡಲೇಬ್ಯಾಡ್ರಿ’ ಎನ್ನುವವರು ಕೆಲವರು. ‘ಮಗಳು ಟಿಕೋಟಾದಿಂದ ಬಸ್ಸಿಗೆ ಬರ್ತಾಳ, ಫೋನ್ ಇಲ್ಲದಿದ್ರ ಹ್ಯಾಂಗ್ರಿ?’ ಎನ್ನುವವರು ಕೆಲವರು. ಇಬ್ಬರಿಗೂ ಮಕ್ಕಳ ಕಾಳಜಿಯೇ ಇದೆ. ಆದರೆ ಎರಡೂ ಕಡೆ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳು ಹೋಗದೆ ಒಳ್ಳೆಯ ನಿಯಮ ಹುಟ್ಟುವುದಿಲ್ಲ.

ತಪ್ಪು ಕಲ್ಪನೆ: ಇದು ಪೇಟೆ ಸಾಲಿಗಳ ತೊಂದರೆ. ಟಿಕೋಟಾ, ಬಬಲೇಶ್ವರದ ಹಳ್ಳಿ ಮಕ್ಕಳಿಗೆ ಸಂಬಂಧವಿಲ್ಲ.

ಸತ್ಯ: ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ನಡೆಯುವುದೇ ದೇಶದ ಹಳ್ಳಿಗಳಲ್ಲಿ. ಅದರ 2024ರ ವರದಿಯಂತೆ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ 90ರ ಆಸುಪಾಸು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಶೇ 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ 76. 2020ರಲ್ಲಿ ಕೊರೊನಾದಿಂದ ಸಾಲಿ ಮುಚ್ಚಿದಾಗ ಪಾಠದ ಹೆಸರಿನಲ್ಲಿ ಮಕ್ಕಳ ಕೈಸೇರಿದ ಫೋನ್, ಸಾಲಿ ತೆರೆದ ಮೇಲೂ ಅನೇಕ ಮನೆಗಳಲ್ಲಿ ಅವರ ಕೈಯಲ್ಲೇ ಉಳಿಯಿತು.

ತಪ್ಪು ಕಲ್ಪನೆ: ಸೈಲೆಂಟ್ ಮಾಡಿ ಪಾಟಿಚೀಲದಲ್ಲಿ ಇಟ್ಟರೆ ಸಾಕು.

ಸತ್ಯ: ಮನಸ್ಸು ಒಮ್ಮೆ ಫೋನಿನತ್ತ ಹರಿದರೆ ಪಾಠಕ್ಕೆ ಪೂರ್ತಿ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ಎಚ್ಚರಿಸಿದೆ. 40 ನಿಮಿಷದ ಪೀರಿಯಡ್‌ನಲ್ಲಿ ಅದು ಅರ್ಧ ಪಾಠ. ಸದ್ದಿಲ್ಲದ ಫೋನನ್ನೂ ಒಮ್ಮೆ ತೆಗೆದು ನೋಡಬೇಕೆನಿಸುತ್ತದೆ. ಆದ್ದರಿಂದ ಮುಂಜಾನೆ ಒಪ್ಪಿಸಿ ಸಂಜೆ ಮರಳಿ ಪಡೆಯುವ ವ್ಯವಸ್ಥೆ ಮೇಲು.

ತಪ್ಪು ಕಲ್ಪನೆ: ನಿರ್ಬಂಧದಿಂದ ಲಾಭವಾಗುವುದು ಜಾಣ ಮಕ್ಕಳಿಗೆ ಮಾತ್ರ.

ಸತ್ಯ: ಇಂಗ್ಲೆಂಡಿನ ನಾಲ್ಕು ನಗರಗಳ ಶಾಲೆಗಳ ಅಂಕಗಳನ್ನು ಆಧರಿಸಿದ 2015ರ ಅಧ್ಯಯನ ಇದಕ್ಕೆ ತದ್ವಿರುದ್ಧವಾದುದನ್ನು ಕಂಡಿತು. ಫೋನ್ ನಿಷೇಧಿಸಿದ ಮೇಲೆ ಹೆಚ್ಚು ಸುಧಾರಿಸಿದವರು ಓದಿನಲ್ಲಿ ಹಿಂದಿದ್ದ ಮಕ್ಕಳು. ಮುಂದಿದ್ದವರ ಅಂಕಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಟ್ಯೂಷನ್ ಇಲ್ಲದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ತರಗತಿಯೊಂದೇ ಆಸರೆ. ಅದೇ ಹೊತ್ತು ಪೋಲಾದರೆ ಹೆಚ್ಚು ಕಳೆದುಕೊಳ್ಳುವುದು ಆ ಮಗು.

ತಪ್ಪು ಕಲ್ಪನೆ: ಫೋನ್ ಇಲ್ಲದಿದ್ದರೆ ತುರ್ತು ವೇಳೆಯಲ್ಲಿ ಮಗು ಕೈಗೆ ಸಿಗುವುದಿಲ್ಲ.

ಸತ್ಯ: ಈ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದ್ರಾಕ್ಷಿ ತೋಟದ ವಸ್ತಿಗಳಿಂದ ನಡೆದು ಬಂದು ಬಸ್ಸು ಹಿಡಿಯುವ ಮಕ್ಕಳಿದ್ದಾರೆ. ತಂದೆತಾಯಿ ಕಬ್ಬು ಕಡಿಯಲು ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದವರೂ ಇದ್ದಾರೆ. ಇವರಿಗೆ ಬೇಕಾದುದು ಸಂಪರ್ಕ. ಅದನ್ನು ಸಾಲಿಯ ಆಫೀಸಿನಲ್ಲಿರುವ, ಕರೆದಾಗ ಎತ್ತುವವರಿರುವ ಒಂದು ಫೋನ್ ಕೊಡಬಲ್ಲದು. ದಾರಿಯ ಸುರಕ್ಷತೆಗಾಗಿ ತಂದ ಫೋನನ್ನು ಮುಂಜಾನೆ ಒಪ್ಪಿಸಿದರಾಯಿತು. ದೆಹಲಿ ಹೈಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿದ್ದೂ ಇದನ್ನೇ: ಪೂರ್ತಿ ನಿಷೇಧ ಸರಿಯಲ್ಲ, ಸಾಧ್ಯವಿದ್ದಲ್ಲಿ ಫೋನ್ ಒಪ್ಪಿಸುವ ಏರ್ಪಾಡು ಇರಲಿ, ತರಗತಿಯಲ್ಲಿ ಬಳಕೆ ಬೇಡ, ಸುರಕ್ಷತೆಗೆ ಅವಕಾಶವಿರಲಿ. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಸಕ್ಕರೆ ಅಳೆಯಲು ಅಥವಾ ದೃಷ್ಟಿದೋಷದ ಕಾರಣಕ್ಕೆ ಫೋನ್ ಬೇಕಾದ ಮಗುವಿಗೆ ವಿನಾಯಿತಿ ಸಿಗಲೇಬೇಕು.

ತಪ್ಪು ಕಲ್ಪನೆ: ನಿಯಮ ಮುರಿದವರ ಫೋನ್ ಒಡೆದು, ನಾಲ್ಕೇಟು ಕೊಟ್ಟರೆ ಬುದ್ಧಿ ಬರುತ್ತದೆ.

ಸತ್ಯ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಫೋನ್ ತೆಗೆದಿಟ್ಟು ಪಾಲಕರ ಕೈಗೆ ಕೊಡುವುದು ಶಿಸ್ತು. ಅದನ್ನು ಒಡೆಯುವುದು, ಮಗುವನ್ನು ಎಲ್ಲರೆದುರು ಹೀಯಾಳಿಸುವುದು ಶಿಸ್ತಲ್ಲ.

ತಪ್ಪು ಕಲ್ಪನೆ: ಸಾಲಿಯಲ್ಲಿ ತಡೆದರೆ ಚಟ ತಾನೇ ಬಿಡುತ್ತದೆ.

ಸತ್ಯ: ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿರ್ಬಂಧವಿದ್ದ ಶಾಲೆಗಳ ಮತ್ತು ಇಲ್ಲದ ಶಾಲೆಗಳ ಮಕ್ಕಳ ಮಾನಸಿಕ ಸ್ವಾಸ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನವಿಡೀ ಫೋನಿನಲ್ಲಿ ಕಳೆದ ಒಟ್ಟು ಹೊತ್ತು ಹೆಚ್ಚಿದ್ದ ಮಕ್ಕಳ ನಿದ್ದೆ, ವರ್ತನೆ, ಮನಃಸ್ಥಿತಿ ಮಾತ್ರ ಹದಗೆಟ್ಟಿದ್ದವು. ಅಂದರೆ ಸಾಲಿಯ ನಿಯಮ ಪಾಠದ ಹೊತ್ತನ್ನು ಉಳಿಸುತ್ತದೆ. ಸಂಜೆಯ ಹೊತ್ತನ್ನು ಉಳಿಸಬೇಕಾದವರು ಮನೆಯವರು. ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲಿ ಇಂಥ ಪ್ರಯತ್ನ ಶುರುವಾಯಿತು. ಸಂಜೆ 7ಕ್ಕೆ ಗುಡಿಯ ಮೇಲಿನ ಸೈರನ್ ಕೂಗಿದರೆ ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್. ಅಲ್ಲಿ ದೊಡ್ಡವರೂ ಫೋನ್ ಕೆಳಗಿಟ್ಟರು ಎಂಬುದೇ ನಾವು ಗಮನಿಸಬೇಕಾದ ಸಂಗತಿ.

ಹಾಗಾದರೆ ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ನಾಲ್ಕು ಸಂಗತಿ ನಿರ್ಧಾರವಾಗಲಿ. ಫೋನ್ ಎಲ್ಲಿ, ಯಾರ ಜವಾಬ್ದಾರಿಯಲ್ಲಿ ಇರುತ್ತದೆ? ತುರ್ತು ಕರೆಗೆ ಸಾಲಿಯ ಯಾವ ನಂಬರ್? ಹೋಂವರ್ಕ್ ವಾಟ್ಸ್‌ಆ್ಯಪ್‌ಗೆ ಬಾರದೆ ಡೈರಿಯಲ್ಲೇ ಬರುತ್ತದೆಯೇ? ಪಾಠದ ಹೊತ್ತಿನಲ್ಲಿ ಮಾಸ್ತರರೂ ಅಕ್ಕೋರೂ ಫೋನ್ ದೂರ ಇಡುತ್ತಾರೆಯೇ? ಈ ಚರ್ಚೆಯಲ್ಲಿ ಮಕ್ಕಳನ್ನೂ ಕೂಡಿಸಿಕೊಂಡು ಮಾತಾಡಿಸಿರಿ. ತಾವೇ ಒಪ್ಪಿದ ನಿಯಮವನ್ನು ಅವರು ಮನಸ್ಸಿನಿಂದ ಪಾಲಿಸುತ್ತಾರೆ. ಆಮೇಲೆ ಠರಾವು ಬರೆದು ಗೋಡೆಗೆ ಹಚ್ಚಿರಿ, ದೊಡ್ಡವರಾದ ನಾವೇ ಮೊದಲು ಅದರಂತೆ ನಡೆಯೋಣ.